ಸೌಂಡ್ ಕಾರ್ಡ್ ಮೀಮಾಂಸೆ: ಪೂರ್ವಪಕ್ಷ, ಸಿದ್ಧಾಂತ ಮತ್ತು ಎಸ್.ಪಿ. ರೋಡು

ಯಾವ ಶಾಸ್ತ್ರಗ್ರಂಥವೇ ಆಗಲಿ, ಮೊದಲಿಗೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಪ್ರಸ್ತುತ ಗ್ರಂಥದ ವಿಷಯ, ಗೇಮಿಂಗ್ ಹೆಡ್‌ಸೆಟ್ಟಿಗೆ ತಕ್ಕ ಸೌಂಡ್ ಕಾರ್ಡನ್ನು ಆರಿಸುವ ವಿಧಿ. ಪ್ರಯೋಜನ, ಗೋಡೆಯಾಚೆ ಬರುತ್ತಿರುವ ವೈರಿಯ ಹೆಜ್ಜೆ ಸಪ್ಪಳವನ್ನು ಅವನು ನಮ್ಮ ತಲೆಗೆ ಗುಂಡಿಟ್ಟು ಹೋಗುವ ಮುಂಚೆಯೇ ಕೇಳಿಸಿಕೊಳ್ಳುವುದು. ಸಂಬಂಧವೆಂದರೆ ಕಾರ್ಡಿಗೂ ಹೆಡ್‌ಸೆಟ್ಟಿಗೂ ನಡುವೆ ಇರುವ ಮೂರೂವರೆ ಮಿಲಿಮೀಟರಿನ ಪಿನ್ನು. ಆ ಪಿನ್ನೇ ಇಲ್ಲದ ಹೆಡ್‌ಸೆಟ್ಟುಗಳೂ ಉಂಟು. ಆ ಅಪ್ರಿಯ ಪ್ರಸಂಗವನ್ನು ಎಷ್ಟು ಮುಂದೂಡಬಹುದೋ ಅಷ್ಟು ಮುಂದೂಡಿದ್ದೇನೆ. ಇನ್ನು ಅಧಿಕಾರಿ ಯಾರು ಎಂಬಲ್ಲಿ ಭಿನ್ನಮತವಿದೆ. ಆಟದಲ್ಲಿ ಸೋತದ್ದಕ್ಕೆ ಮೊದಲು ಇಂಟರ್ನೆಟ್ಟನ್ನು, ಆಮೇಲೆ ಮೌಸನ್ನು, ಆಮೇಲೆ ಜೊತೆಗಾರನನ್ನು, ಕೊನೆಗೆ ಬೆಸ್ಕಾಮನ್ನು ಬೈದು ಮುಗಿಸಿದವನೇ ಅಧಿಕಾರಿ ಎಂದು ನನ್ನ ಮತ. ಅಂಥವನಿಗೆ ಬೈಯಲು ಉಳಿದಿರುವುದು ಧ್ವನಿಯೊಂದೇ. ಕಾರ್ಡ್ ಜಿಜ್ಞಾಸೆ ಅವನಲ್ಲಿ ತಾನಾಗಿಯೇ ಹುಟ್ಟುತ್ತದೆ.

ಗುರುಪರಂಪರೆ ತಿಳಿಯದೆ ಸಿದ್ಧಾಂತಕ್ಕೆ ಕೈ ಹಾಕುವಂತಿಲ್ಲ. 1981ರ ಐಬಿಎಂ ಪಿಸಿಗೆ ಬರುತ್ತಿದ್ದದ್ದು ‘ಬೀಪ್’ ಎಂಬ ಒಂದೇ ಉದ್ಗಾರ. 1987ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಆಡ್‌ಲಿಬ್ ಕಂಪನಿ ಯಮಾಹಾ ಚಿಪ್ಪೊಂದನ್ನು ಹಲಗೆಗೆ ಬೆಸುಗೆ ಹಾಕಿ ಆಟಗಳಿಗೆ ಸಂಗೀತ ಕೊಟ್ಟಿತು. ಎರಡು ವರ್ಷದಲ್ಲಿ ಸಿಂಗಪುರದ ಸಿಮ್ ವಾಂಗ್ ಹೂ ಅವರ ಕ್ರಿಯೇಟಿವ್ ಕಂಪನಿ ಅದೇ ಯಮಾಹಾ ಚಿಪ್ಪನ್ನೇ ಇಟ್ಟು, ಮಾತು-ಗುಂಡಿನ ಸದ್ದುಗಳನ್ನು ನುಡಿಸುವ ಶಕ್ತಿಯನ್ನೂ ಜಾಯ್‌ಸ್ಟಿಕ್ ಚುಚ್ಚುವ ಕಿಂಡಿಯನ್ನೂ ಸೇರಿಸಿ, ಸೌಂಡ್ ಬ್ಲಾಸ್ಟರ್ ಎಂದು ಹೆಸರಿಟ್ಟು ಮಾರಿತು. 1992ರ ಹೊತ್ತಿಗೆ ಆಡ್‌ಲಿಬ್ ದಿವಾಳಿ. ಮೂಲಕಾರನಿಗಿಂತ ವ್ಯಾಖ್ಯಾನಕಾರನಿಗೇ ಹೆಚ್ಚು ಶಿಷ್ಯರು ಸಿಗುವುದು ಈ ಕ್ಷೇತ್ರಕ್ಕಷ್ಟೇ ವಿಶೇಷವಲ್ಲ.

ಆ ಯುಗದಲ್ಲಿ ಕಾರ್ಡಿಗೆ ಉಪದೇಶವಾಗಬೇಕಿತ್ತು. ಆಟೋಎಕ್ಸೆಕ್ ಎಂಬ ಕಡತದಲ್ಲಿ ‘ಸೆಟ್ ಬ್ಲಾಸ್ಟರ್’ ಎಂದು ತೊಡಗಿ ಎ 220, ಐ 5, ಡಿ 1 ಎಂದು ಬರೆಯಬೇಕು. ಇದರಲ್ಲಿ ಎ ಎಂಬುದು ವಿಳಾಸ, ಐ ಎಂಬುದು ಪ್ರೊಸೆಸರನ್ನು ತಟ್ಟಿ ಕರೆಯುವ ಗೆರೆ, ಡಿ ಎಂಬುದು ಮೆಮೊರಿಗೆ ನೇರ ದಾರಿ. ಅಂಕಿಯೊಂದು ತಪ್ಪಿದರೆ ಮೌನ. ಐದರ ಬದಲು ಏಳೆಂದರೆ ಪ್ರಿಂಟರಿನ ಗೆರೆಯೂ ಅದೇ ಆದ್ದರಿಂದ ಇಬ್ಬರಿಗೂ ಜಗಳ. ಈ ಸಾಲನ್ನು ಬಾಯಿಪಾಠ ಮಾಡಿದ ಪೀಳಿಗೆ ಈಗ ಐವತ್ತರ ಆಸುಪಾಸಿನಲ್ಲಿದೆ. ಅವರಿಗೆ ಮಕ್ಕಳ ಹುಟ್ಟುಹಬ್ಬ ಮರೆಯುತ್ತದೆ, ಇದು ಮರೆಯುವುದಿಲ್ಲ.

ಮುಂದೆ ಆರಿಯಲ್ ಎಂಬ ಅಮೆರಿಕದ ಸಂಸ್ಥೆ ಎ3ಡಿ ಎಂಬ ತಂತ್ರ ತಂದಿತು. ಸದ್ದು ಹಿಂದಿನಿಂದ ಬಂತೋ ಮೇಲಿನಿಂದ ಬಂತೋ ಎಂಬುದನ್ನು ಎರಡೇ ಕಿವಿಗಳಿಗೆ ನಂಬಿಸುವ ವಿದ್ಯೆ ಅದು. ಕ್ರಿಯೇಟಿವ್ 1998ರಲ್ಲಿ ಪೇಟೆಂಟ್ ದಾವೆ ಹೂಡಿತು. 1999ರ ಕೊನೆಗೆ ಆರಿಯಲ್ ಗೆದ್ದಿತು. ಆದರೆ ವಕೀಲರ ಫೀಸು ಕಟ್ಟಿ ಸೋತು ಸುಣ್ಣವಾಗಿ 2000ದಲ್ಲಿ ದಿವಾಳಿ ಎದ್ದಿತು. ಅದರ ಆಸ್ತಿಯನ್ನು ಕೊಂಡದ್ದು ಕ್ರಿಯೇಟಿವ್. ವಾದದಲ್ಲಿ ಗೆದ್ದವನ ಗ್ರಂಥಗಳನ್ನು ಸೋತವನು ಹರಾಜಿನಲ್ಲಿ ಕೊಂಡ ಇನ್ನೊಂದು ಉದಾಹರಣೆ ನಮ್ಮ ವಾದಪರಂಪರೆಯಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಕ್ರಿಯೇಟಿವ್‌ಗೆ ಆ ಗಳಿಕೆ ಹೆಚ್ಚು ದಿನ ಉಣ್ಣಲಿಕ್ಕೂ ಸಿಗಲಿಲ್ಲ. 2007ರಲ್ಲಿ ಜನರ ಕೈಸೇರಿದ ವಿಂಡೋಸ್ ವಿಸ್ಟಾ, ಆಟಗಳು ಸೌಂಡ್ ಕಾರ್ಡಿನ ಹಾರ್ಡ್‌ವೇರನ್ನು ನೇರವಾಗಿ ಮಾತಾಡಿಸುತ್ತಿದ್ದ ದಾರಿಯನ್ನೇ ಮುಚ್ಚಿತು. ಧ್ವನಿಯ ಲೆಕ್ಕಾಚಾರವೆಲ್ಲ ಪ್ರೊಸೆಸರಿಗೆ ಹೋಯಿತು. ಕಾರ್ಡಿಗೆ ಉಳಿದದ್ದು ಅಂಕಿಯನ್ನು ಅಲೆಯಾಗಿಸಿ ಕಿವಿಗೆ ಕಳಿಸುವ ಕೆಲಸವಷ್ಟೇ.

ಈ ಪ್ರಳಯದ ನಂತರ ಉಳಿದುಕೊಂಡ ದರ್ಶನಗಳು ಮೂರು. ಶೃಂಗೇರಿ, ಉಡುಪಿ, ಮೇಲುಕೋಟೆಗಳ ವಿದ್ವಾಂಸರಲ್ಲಿ ಹೆಡ್‌ಸೆಟ್ ಹಾಕಿಕೊಂಡು ಆಡುವವರು ಕಡಿಮೆ ಎಂಬ ಧೈರ್ಯದಿಂದ ಹೇಳುತ್ತೇನೆ.

ಮೊದಲನೆಯವರು ಆನ್‌ಬೋರ್ಡ್ ಅದ್ವೈತಿಗಳು. ಧ್ವನಿ ಬೇರೆಯಲ್ಲ, ಬೋರ್ಡ್ ಬೇರೆಯಲ್ಲ. ಬೇರೆ ಕಾರ್ಡ್ ಉಂಟೆಂಬುದೇ ಭ್ರಾಂತಿ. ಇಂಟೆಲ್ 1997ರಲ್ಲಿ ಎಸಿ-97 ಎಂದೂ 2004ರಲ್ಲಿ ಎಚ್‌ಡಿ ಆಡಿಯೊ ಎಂದೂ ಹೊರಡಿಸಿದ ಎರಡು ವಿಧಿಗಳೇ ಇವರಿಗೆ ಪ್ರಮಾಣ. ಮದರ್‌ಬೋರ್ಡಿನ ಮೂಲೆಯಲ್ಲಿ ಏಡಿಯ ಚಿಹ್ನೆ ಹೊತ್ತ ರಿಯಲ್‌ಟೆಕ್ ಚಿಪ್ಪೊಂದು ಕೂತಿರುವಾಗ ಇನ್ನೊಂದಕ್ಕೆ ದುಡ್ಡು ಸುರಿಯುವುದು ಅವಿದ್ಯೆಯ ಫಲ ಎನ್ನುತ್ತಾರೆ.

ಎರಡನೆಯವರು ದ್ವೈತಿಗಳು. ಇವರದು ಪಂಚಭೇದ: ಬೋರ್ಡಿಗೂ ಕಾರ್ಡಿಗೂ ಭೇದ, ಕಾರ್ಡಿಗೂ ಕಾರ್ಡಿಗೂ ಭೇದ, ಕಾರ್ಡಿಗೂ ಕಿವಿಗೂ ಭೇದ, ಕಿವಿಗೂ ಕಿವಿಗೂ ಭೇದ, ಕಿವಿಗೂ ಬೋರ್ಡಿಗೂ ಭೇದ. ಈ ಐದೂ ಸತ್ಯ, ಐದೂ ನಿತ್ಯ. ತಾರತಮ್ಯವೂ ಇವರಿಗೆ ಒಪ್ಪಿಗೆ. ಅದನ್ನು ತಿಳಿಯಲು ಬಿಲ್ಲಿನ ಕೊನೆಯ ಸಾಲು ನೋಡಿದರೆ ಸಾಕು. ಇವರ ಕಷ್ಟ ಬೇರೆ ಕಡೆ ಇದೆ. ಇಂದಿನ ಗ್ರಾಫಿಕ್ಸ್ ಕಾರ್ಡುಗಳು ಮೂರು ಸ್ಲಾಟಿನಷ್ಟು ದಪ್ಪವಾಗಿ ಬೆಳೆದು, ಸೌಂಡ್ ಕಾರ್ಡ್ ಕೂರಬೇಕಾದ ಪುಟ್ಟ ಸ್ಲಾಟಿನ ಮೇಲೆ ಒರಗಿಬಿಟ್ಟಿರುತ್ತವೆ. ಹೀಗೆ ಭೇದ ಸತ್ಯವಾದರೂ ಅದಕ್ಕೆ ಜಾಗವಿಲ್ಲ.

ಮೂರನೆಯವರು ಯುಎಸ್‌ಬಿ ಡಾಂಗಲ್ಲಿನ ವಿಶಿಷ್ಟಾದ್ವೈತಿಗಳು. ಡಾಂಗಲ್ ಬೋರ್ಡಿನಿಂದ ಬೇರೆ, ಆದರೆ ಅದರ ಶರೀರವೇ. ಐದು ವೋಲ್ಟಿನ ಅನುಗ್ರಹ ಅಲ್ಲಿಂದ ಬರದಿದ್ದರೆ ಇದಕ್ಕೆ ಉಸಿರಿಲ್ಲ. ಈ ಮೂರನೆಯವರ ಕಡೆ ನನ್ನ ಒಲವು ಎಂಬುದನ್ನು ಓದುಗರು ಮುಂದೆ ಹೇಗೂ ಕಂಡುಹಿಡಿಯುವುದರಿಂದ ಈಗಲೇ ಹೇಳಿಬಿಡುತ್ತೇನೆ.

ಇನ್ನು ಪ್ರಮಾಣ ವಿಚಾರ. ಡಬ್ಬದ ಮೇಲೆ ‘24 ಬಿಟ್, 192 ಕಿಲೋಹರ್ಟ್ಸ್’ ಎಂದಿದ್ದರೆ ಅದನ್ನು ಆಪ್ತವಾಕ್ಯವೆಂದು ಸ್ವೀಕರಿಸಬೇಕೆ? ಮಾದರಿ ಆವರ್ತನದ ಅರ್ಧದವರೆಗಿನ ಸದ್ದನ್ನು ಕಾರ್ಡ್ ನುಡಿಸಬಲ್ಲದು ಎಂಬುದು ಗಣಿತ. 192ರ ಅರ್ಧ 96. ಮನುಷ್ಯನ ಕಿವಿ ಎಳೆಯ ವಯಸ್ಸಿನಲ್ಲೂ 20 ಕಿಲೋಹರ್ಟ್ಸಿಗೆ ಕೈ ಚೆಲ್ಲುತ್ತದೆ. ನಡುವಯಸ್ಸಿನವರಿಗೆ ಹದಿನೈದರ ಆಚೆ ಕೇಳುವುದೇ ಕಷ್ಟ. ಉಳಿದದ್ದೆಲ್ಲ ಬಾವಲಿಗಳ ಪಾಲು. ಅವುಗಳಿಗೂ ಪ್ರಯೋಜನವಾಗದು, ಏಕೆಂದರೆ ಆಟದೊಳಗಿನ ಹೆಜ್ಜೆ ಸಪ್ಪಳವನ್ನು ಸಾಮಾನ್ಯವಾಗಿ 44.1 ಅಥವಾ 48 ಕಿಲೋಹರ್ಟ್ಸಿನಲ್ಲೇ ತುಂಬಿಸಿರುತ್ತಾರೆ. ಬಿಟ್ಟಿನ ಕಥೆಯೂ ಹೀಗೆಯೇ. 16 ಬಿಟ್ ಎಂದರೆ ಅತಿ ಮೆಲ್ಲನೆಯದಕ್ಕೂ ಅತಿ ಜೋರಿನದಕ್ಕೂ ಸುಮಾರು 96 ಡೆಸಿಬೆಲ್ ಅಂತರ. 24 ಬಿಟ್ ಎಂದರೆ ಲೆಕ್ಕದ ಪ್ರಕಾರ 144. ಶಾಂತವೆನಿಸುವ ಕೋಣೆಯಲ್ಲೇ ಮೂವತ್ತು ಡೆಸಿಬೆಲ್ಲಿನಷ್ಟು ಸದ್ದಿರುತ್ತದೆ. ಅದರ ಮೇಲೆ ಸೀಲಿಂಗ್ ಫ್ಯಾನ್ ಐದರಲ್ಲಿ ತಿರುಗುತ್ತಿದ್ದರೆ 16ಕ್ಕೂ 24ಕ್ಕೂ ಇರುವ ವ್ಯತ್ಯಾಸ ಗೊತ್ತಾಗುವುದು ಬೆಲೆಪಟ್ಟಿಯಲ್ಲಿ ಮಾತ್ರ.

ಹಾಗಾದರೆ ಕಾರ್ಡ್ ಬೇಡವೇ ಬೇಡವೆ? ಅದ್ವೈತಿಗಳ ಬಾಯಿ ಕಟ್ಟುವ ಒಂದು ಪ್ರತ್ಯಕ್ಷ ಪ್ರಮಾಣವಿದೆ. ರಾತ್ರಿ, ಫ್ಯಾನ್ ಆರಿಸಿ, ಏನನ್ನೂ ನುಡಿಸದೆ, ಹೆಡ್‌ಸೆಟ್ಟನ್ನು ಕ್ಯಾಬಿನೆಟ್ಟಿನ ಮುಂಭಾಗದ ತೂತಿಗೆ ಸಿಕ್ಕಿಸಿ ಕಿವಿಗಿಟ್ಟುಕೊಳ್ಳಿ. ಮೌಸನ್ನು ಮೆಲ್ಲಗೆ ಸರಿಸಿ. ಸಣ್ಣಗೆ ‘ಕಿರ್‌ರ್‌ರ್’ ಎಂದಿತೆ? ಮೌಸು ನಿಂತರೆ ಅದೂ ನಿಲ್ಲುತ್ತದೆ. ಆಟ ತೆರೆಯಿರಿ, ಗ್ರಾಫಿಕ್ಸ್ ಕಾರ್ಡಿಗೆ ಕೆಲಸ ಏರಿದಂತೆ ಆ ಕಿರಿಕಿರಿಯ ಸ್ಥಾಯಿಯೂ ಏರುತ್ತದೆ. ಮುಂಭಾಗದ ತೂತಿನಿಂದ ಹೊರಟ ತೆಳ್ಳನೆಯ ವೈರು ಗ್ರಾಫಿಕ್ಸ್ ಕಾರ್ಡಿನ ಹೊಟ್ಟೆಯಡಿ ನುಸುಳಿ ಬೋರ್ಡಿನ ಇನ್ನೊಂದು ಮೂಲೆಗೆ ಹೋಗುವಾಗ ದಾರಿಯ ಗಲಾಟೆಯನ್ನೆಲ್ಲ ಮೈಗೆ ಮೆತ್ತಿಕೊಂಡು ಬರುತ್ತದೆ. ಮೊದಲ ಚಿಕಿತ್ಸೆ ಬಿಟ್ಟಿಯದು: ಹಿಂಭಾಗದ ಹಸಿರು ತೂತಿಗೆ ಬದಲಿಸುವುದು. ಅದಕ್ಕೆ ಮೇಜಿನಡಿ ಬಗ್ಗಿ ಧೂಳು ಕುಡಿಯಬೇಕಾದ್ದರಿಂದ ಎರಡೂವರೆ ಸಾವಿರದ ಕಾರ್ಡ್ ತರಿಸುವುದೇ ಸುಲಭವೆಂದು ಬಹುಮಂದಿ ಬಗೆದಿದ್ದಾರೆ.

ಇನ್ನೊಂದು ಸದ್ದು ಮೌಸಿಗೆ ಕೇರ್ ಮಾಡುವುದಿಲ್ಲ. ತಂಬೂರಿಯ ಹಾಗೆ ಸದಾ ಒಂದೇ ಶ್ರುತಿ ಹಿಡಿದು ‘ಗುಂಯ್’ ಎನ್ನುತ್ತಿರುತ್ತದೆ. ಇದು ಸೆಕೆಂಡಿಗೆ 50 ಸುತ್ತು ಹೊಡೆಯುವ ನಮ್ಮ ಮನೆಯ ಕರೆಂಟು. ಹೀಗೆ ಗುಂಯ್‌ಗುಡುವ ಮನೆಯಲ್ಲಿ ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ಟಿನ ತಗಡಿಗೆ ಬೆರಳಿನ ಹಿಂಬದಿ ತಾಗಿಸಿದರೆ ಜುಮ್ ಎನ್ನುವುದುಂಟು. ಟೆಸ್ಟರ್ ಇಟ್ಟರೆ ಒಳಗಿನ ಕೆಂಪು ದೀಪ ಮಿಣುಕುತ್ತದೆ. ತ್ರೀ ಪಿನ್ ಪ್ಲಗ್ಗಿನ ಮೂರನೆಯ ಕಾಲನ್ನು ಮುರಿದೋ, ಟು ಪಿನ್ ಅಡಾಪ್ಟರಿಗೆ ಸಿಕ್ಕಿಸಿಯೋ, ಅರ್ಥಿಂಗ್ ವೈರನ್ನೇ ಎಳೆಯದ ಸಾಕೆಟ್ಟಿಗೆ ಹಾಕಿಯೋ ಕಂಪ್ಯೂಟರ್ ನಡೆಸಿದರೆ, ಪವರ್ ಸಪ್ಲೈಯೊಳಗಿನ ಫಿಲ್ಟರ್ ಕೆಪಾಸಿಟರುಗಳ ದೆಸೆಯಿಂದ ಮೇನ್ಸಿನ ಸುಮಾರು ಅರ್ಧದಷ್ಟು ವೋಲ್ಟೇಜು ತೀರ ಸಣ್ಣ ಕರೆಂಟಿನ ರೂಪದಲ್ಲಿ ಆ ತಗಡಿನ ಮೇಲೆ ಬಂದು ಕೂತಿರುತ್ತದೆ. ಇದಕ್ಕೆ ಬೇಕಾದವನು ಎಲೆಕ್ಟ್ರಿಷಿಯನ್. ಯಾವ ಸೌಂಡ್ ಕಾರ್ಡಿನ ಡಬ್ಬದ ಮೇಲೂ ಈ ಮಾತು ಬರೆದಿರುವುದಿಲ್ಲ, ಯಾಕೆ ಬರೆಯುತ್ತಾರೆ?

ಶಾಸ್ತ್ರ ಮುಗಿದ ಕಡೆ ಲೋಕಾಚಾರ ಶುರುವಾಗುತ್ತದೆ. ಬೆಂಗಳೂರಿನವರಿಗೆ ಲೋಕಾಚಾರವೆಂದರೆ ಸಾದರ ಪತ್ರಪ್ಪ ರಸ್ತೆ, ಅರ್ಥಾತ್ ಎಸ್.ಪಿ. ರೋಡು. ತಳ್ಳುಗಾಡಿ, ಸ್ಕೂಟರು, ಥರ್ಮೋಕೋಲ್ ಚೂರುಗಳ ನಡುವೆ ದಾರಿ ಮಾಡಿಕೊಂಡು ಹೋದರೆ ಗಾಜಿನ ಕೌಂಟರಿನ ಹಿಂದೆ ಒಬ್ಬ ಮಹನೀಯ ಕೂತಿರುತ್ತಾನೆ. ನಮ್ಮಿಬ್ಬರ ವಾಕ್ಯಾರ್ಥಗೋಷ್ಠಿ ಹೀಗೆ ನಡೆಯುತ್ತದೆ:

“ಗೇಮಿಂಗಿಗಾ ಸಾರ್?”

“ಹೌದು.”

“ಹಂಗಾದ್ರೆ ಇದು ತಗೊಳ್ಳಿ. ಸೆವೆನ್ ಪಾಯಿಂಟ್ ಒನ್ನು.”

“ಹೆಡ್‌ಸೆಟ್ಟಲ್ಲಿ ಸ್ಪೀಕರ್ ಇರೋದು ಎರಡೇ ಅಲ್ವೇನ್ರೀ?”

“ಎರಡೇ ಸಾರ್. ಡಬ್ಬದ್ ಮೇಲೆ ಏಳು ಅಂತ ಪ್ರಿಂಟ್ ಮಾಡವ್ರೆ, ನೋಡಿ.”

ಇದಕ್ಕೆ ಪ್ರತ್ಯುತ್ತರ ನ್ಯಾಯಶಾಸ್ತ್ರದಲ್ಲಿಲ್ಲ. ಬೆರಳುದ್ದದ ಆ ಡಾಂಗಲ್ಲಿನ ಬಾಯಲ್ಲಿ ಹಸಿರೊಂದು, ಗುಲಾಬಿಯೊಂದು ತೂತು. ಬೆಲೆ ಇನ್ನೂರು-ಮುನ್ನೂರು ರೂಪಾಯಿಯ ಆಸುಪಾಸು. ಬಿಲ್ ಕೇಳಿದರೆ ಅದರ ಮೇಲೆ ಜಿಎಸ್‌ಟಿ. ವಿದ್ವತ್ತಿಗೆ ಅವಮಾನವೆನಿಸಿದರೂ ಹೇಳಲೇಬೇಕು, ಕ್ಯಾಬಿನೆಟ್ಟಿನೊಳಗಿನ ಕಿರ್‌ರ್ ಸದ್ದಿನಿಂದ ಬಹುತೇಕರನ್ನು ಪಾರುಮಾಡಲು ಇದೇ ಸಾಕಾಗುತ್ತದೆ. ಧ್ವನಿ ಪರಿವರ್ತನೆಯ ಕೆಲಸ ಕ್ಯಾಬಿನೆಟ್ಟಿನಿಂದ ಆಚೆಗೆ ಬಂತಲ್ಲ, ಅಷ್ಟೇ ಗುಟ್ಟು.

ಆದರೆ ಆ ‘ಏಳು’ ಬಿಡಿಸಿ ನೋಡಬೇಕಾದ ಗಂಟು. ಸದ್ದಿನ ದಿಕ್ಕನ್ನು ನಾವು ಹೇಗೆ ಅರಿಯುತ್ತೇವೆಂದು ಇಂಗ್ಲೆಂಡಿನ ಲಾರ್ಡ್ ರೇಲಿ 1907ರಲ್ಲೇ ವಿವರಿಸಿದ್ದರು. ಎಡಗಡೆಯ ಸದ್ದು ಎಡಗಿವಿಗೆ ಮೊದಲು ತಲಪುತ್ತದೆ, ಬಲಗಿವಿಗೆ ತಡವಾಗಿ. ಹೆಚ್ಚೆಂದರೆ ಮಿಲಿಸೆಕೆಂಡಿನ ಮೂರರಲ್ಲಿ ಎರಡು ಭಾಗದಷ್ಟು ತಡ. ಕೀರಲು ಸದ್ದುಗಳಿಗೆ ತಲೆಯೇ ಅಡ್ಡಗೋಡೆಯಾಗುವುದರಿಂದ ಆಚೆ ಕಿವಿಗೆ ಅವು ಕುಗ್ಗಿ ಕೇಳುತ್ತವೆ. ಮುಂದೆಯೋ ಹಿಂದೆಯೋ ಎಂಬ ತೀರ್ಪು ಕಿವಿಯ ಹಾಲೆಯ ಮಡಿಕೆಗಳದು. ಈ ಮೂರನ್ನೂ ಲೆಕ್ಕ ಹಾಕಿ ಎರಡೇ ಸ್ಪೀಕರಿನಲ್ಲಿ ದಿಕ್ಕು ತೋರಿಸುವ ವಿದ್ಯೆ ಕೌಂಟರ್ ಸ್ಟ್ರೈಕ್, ವ್ಯಾಲೊರಂಟ್‌ನಂಥ ಆಟಗಳೊಳಗೇ ಇದೆ. ಅದರ ಮೇಲೆ ಕಾರ್ಡಿನ 7.1 ಗುಂಡಿಯನ್ನೂ ಒತ್ತಿದರೆ ಒಮ್ಮೆ ಒಗ್ಗರಣೆ ಬಿದ್ದ ಸಾರಿಗೆ ಮತ್ತೆ ಒಗ್ಗರಣೆ ಬಿದ್ದಂತೆ. ಹೆಜ್ಜೆಗಳೆಲ್ಲ ಬಚ್ಚಲುಮನೆಯೊಳಗಿಂದ ಬಂದ ಹಾಗೆ ಕೇಳಿ, ವೈರಿ ಎಲ್ಲೆಲ್ಲೂ ಇದ್ದಾನೆ ಎಂಬ ಅನುಭವವಾಗುತ್ತದೆ. ಇದನ್ನು ಕೆಲವರು ಸಾಕ್ಷಾತ್ಕಾರವೆಂದು ತಪ್ಪು ತಿಳಿದಿದ್ದಾರೆ. ಆ ಗುಂಡಿಯನ್ನು ಆಫ್ ಮಾಡಿ ಆಡಿ.

ಇಂಪೀಡೆನ್ಸ್, ಅಂದರೆ ಕರೆಂಟಿಗೆ ಹೆಡ್‌ಸೆಟ್ ಒಡ್ಡುವ ತಡೆ; ಅದರ ಪ್ರಕರಣವನ್ನು ಚಿಕ್ಕದಾಗಿ ಮುಗಿಸಬಹುದು. ಗೇಮಿಂಗ್ ಹೆಡ್‌ಸೆಟ್ಟುಗಳಲ್ಲಿ ಬಹುಪಾಲು 32 ಓಮಿನ ಆಸುಪಾಸಿನವು. ಮೊಬೈಲ್ ಫೋನಿಗೂ ಅವನ್ನು ಕೂಗಿಸುವ ತ್ರಾಣವಿದೆ. ಕಾರ್ಡಿನ ಹೊರದ್ವಾರದ ಓಮ್ ಹೆಡ್‌ಸೆಟ್ಟಿನ ಎಂಟನೇ ಒಂದು ಭಾಗ ಮೀರದಿರಲಿ ಎಂಬುದು ಬಲ್ಲವರ ರೂಢಿ, ಅಂದರೆ ಇಲ್ಲಿ ನಾಲ್ಕು. ಸ್ಟುಡಿಯೊಗಳಲ್ಲಿ ಬಳಸುವ 250 ಓಮಿನ ಹೆಡ್‌ಫೋನ್ ಇಟ್ಟುಕೊಂಡವರಿಗೆ ಮಾತ್ರ ಆಂಪ್ಲಿಫಯರ್ ಉಳ್ಳ ಕಾರ್ಡ್ ನಿಜವಾಗಿ ಬೇಕು. ಅವರ ಧ್ವನಿಪ್ರಪಂಚವೇ ಬೇರೆ, ಅವರು ಈ ಗ್ರಂಥ ಓದುವುದಿಲ್ಲ.

ಪಿನ್ನಿನ ಮೇಲಿನ ಕಪ್ಪು ಗೆರೆ ಎಣಿಸದೆ ಯಾರದೇ ಮತನಿರ್ಣಯ ಮಾಡಬಾರದು. ಎರಡು ಗೆರೆಯಾದರೆ ಕೇಳುವುದಷ್ಟೇ. ಮೂರು ಗೆರೆಯಾದರೆ ಅದೇ ಪಿನ್ನಿನಲ್ಲಿ ಮೈಕೂ ಇದೆ. ಮೂರು ಗೆರೆಯದನ್ನು ತಂದು ಡೆಸ್ಕ್‌ಟಾಪಿನ ಹಸಿರು ತೂತಿಗೆ ಸಿಕ್ಕಿಸಿ ಮೈಕ್ ಸತ್ತಿದೆ ಎಂದು ಗೋಳಾಡಿ, ಅದಕ್ಕೆಂದೇ ಹೊಸ ಕಾರ್ಡ್ ಕೊಂಡವರುಂಟು. ಬೇಕಾಗಿದ್ದದ್ದು ನೂರು ರೂಪಾಯಿ ಆಸುಪಾಸಿನ ಸ್ಪ್ಲಿಟರ್ ವೈರು: ಹಸಿರು ಹಸಿರಿಗೆ, ಗುಲಾಬಿ ಗುಲಾಬಿಗೆ.

ಈಗ ಮುಂದೂಡಿದ್ದ ಪ್ರಸಂಗ. ಮೂರು ಮತದವರೂ ತಿಂಗಳುಗಟ್ಟಲೆ ವಾದಿಸಿ, ಓಮ್ ಅಳೆದು, ಡೆಸಿಬೆಲ್ ತೂಗಿ, ಹೆಡ್‌ಸೆಟ್ಟಿನ ಡಬ್ಬ ಬಿಚ್ಚಿದಾಗ ವೈರಿನ ತುದಿಯಲ್ಲಿ ಪಿನ್ನು ಇರುವುದಿಲ್ಲ, ಯುಎಸ್‌ಬಿ ಇರುತ್ತದೆ. ಅಥವಾ ವೈರೇ ಇರುವುದಿಲ್ಲ. ಅಂಥ ಹೆಡ್‌ಸೆಟ್ಟಿನ ಸೌಂಡ್ ಕಾರ್ಡು ಅದರೊಳಗೇ ಅಡಗಿದೆ. ಕಂಪ್ಯೂಟರಿನೊಳಗೆ ನೀವು ಎಷ್ಟು ಸಾವಿರದ ಕಾರ್ಡ್ ಕೂರಿಸಿದರೂ ಒಂದು ಹನಿ ಸದ್ದೂ ಅದರ ಮೂಲಕ ಹಾಯುವುದಿಲ್ಲ. ಅದ್ವೈತಿಗಳು ಇದನ್ನು ತಮ್ಮ ಗೆಲುವೆಂದರು. ಕಾರ್ಡ್ ಬೋರ್ಡಿನಿಂದ ಬೇರೆಯಾಗಿ ಕಿವಿಯ ಪಕ್ಕಕ್ಕೇ ಬಂದಿರುವುದರಿಂದ ಭೇದವೇ ಸಿದ್ಧವಾಯಿತೆಂದು ದ್ವೈತಿಗಳು ಮರುನುಡಿದರು. ವಿಶಿಷ್ಟಾದ್ವೈತಿಗಳು ಚಾರ್ಜಿಂಗ್ ಕೇಬಲ್ ಎಲ್ಲಿ ಎಂದು ಕೇಳಿದರು. ಗೋಷ್ಠಿ ಇನ್ನೂ ನಡೆಯುತ್ತಿದೆ.

ಫಲಶ್ರುತಿ: ಇದನ್ನು ಒಮ್ಮೆ ಓದಿದವರಿಗೆ ಐನೂರು ರೂಪಾಯಿ ಉಳಿತಾಯ. ಎರಡು ಸಲ ಓದಿದವರಿಗೆ ಐದು ಸಾವಿರ, ಜೊತೆಗೆ ಮೇಜಿನಡಿಯ ಧೂಳು ಒರೆಸಿದ ಪುಣ್ಯ. ಮೂರು ಸಲ ಓದುವ ಶ್ರದ್ಧಾವಂತರು ಎರಡನೆಯ ಮತ್ತು ಮೂರನೆಯ ಸಲದ ನಡುವೆ ಕಾರ್ಡನ್ನು ಆರ್ಡರ್ ಮಾಡಿಬಿಟ್ಟಿರುತ್ತಾರೆ. ಅವರಿಗೆ ಈಗ ಬೇಕಿರುವುದು ರಿಟರ್ನ್ ಪಾಲಿಸಿಯ ಭಾಷ್ಯ. ಅದು ಪ್ರತ್ಯೇಕ ಸಂಪುಟ.