ನೋಡ್ಲೇಬೇಕು ರಾಯರು

ಆರ್.ವಿ. ರಸ್ತೆ ಪಕ್ಕದ ಲಕ್ಷ್ಮಣ ರಾವ್ ಪಾರ್ಕಿನಲ್ಲಿ ಬೆಳಿಗ್ಗೆ ವಾಕಿಂಗ್ ಮಾಡುತ್ತಿರುವವರು ಯಾರಾದರೂ ಇದ್ದಕ್ಕಿದ್ದಂತೆ ತಿರುಗಿ ಸರಸರನೆ ವಾಪಸ್ಸು ನಡೆದರೆ, ಎದುರಿಗೆ ಬೀದಿನಾಯಿ ಬಂದಿರಬೇಕು, ಇಲ್ಲವೇ ನಮ್ಮ ನೋಡ್ಲೇಬೇಕು ರಾಯರು ಬಂದಿರಬೇಕು. ನಾಯಿಯಾದರೆ ಒಂದು ಬಿಸ್ಕತ್ತಿಗೆ ಸುಮ್ಮನಾಗುತ್ತದೆ.

ರಾಯರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಬನಶಂಕರಿ ಎರಡನೇ ಹಂತದಲ್ಲಿ ಈಗ ಅದನ್ನು ಹಿಡಿದು ಕೂಗುವವನು ಕೊರಿಯರ್ ಹುಡುಗ ಒಬ್ಬನೇ. ಅವರ ಮನೆಯಿಂದ ಸುಚಿತ್ರಾಗೆ ನಡೆದೇ ಹೋಗಬಹುದು. 1971ರಲ್ಲಿ ಆ ಫಿಲ್ಮ್ ಸೊಸೈಟಿ ಹುಟ್ಟಿದಾಗ ಇವರಿನ್ನೂ ಚಡ್ಡಿ ಹಾಕಿಕೊಂಡು ಹೈಸ್ಕೂಲಿಗೆ ಹೋಗುತ್ತಿದ್ದರು. ಆದರೂ ಮಾತು ಶುರುವಾಗುವುದು "ನಾವು ಸುಚಿತ್ರಾ ಕಟ್ಟಿದಾಗ..." ಅಂತಲೇ.

ಬ್ಯಾಂಕಿನಲ್ಲಿದ್ದವರು. ನಿವೃತ್ತಿಗೆ ಮುಂಚಿನ ಹತ್ತು ವರ್ಷ ಸಾಲ ವಸೂಲಿ. ಇಷ್ಟು ಗೊತ್ತಿದ್ದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ, ಏಕೆಂದರೆ ಸಿನಿಮಾವನ್ನೂ ಅವರು ಸಾಲ ಕೊಟ್ಟಂತೆಯೇ ಕೊಡುತ್ತಾರೆ. ಅರ್ಜಿ ಬೇಡ, ಜಾಮೀನು ಬೇಡ. "ಹಂಸಗೀತೆ ನೋಡಿಲ್ವಾ? ಜಿ.ವಿ. ಅಯ್ಯರ್ ಸ್ವಾಮಿ, 1975! ನೋಡ್ಲೇಬೇಕು" ಎಂದು ಭುಜ ತಟ್ಟಿದರೆ ಮಂಜೂರಾಯಿತು. ಶುಕ್ರವಾರದ ಸಾಲಕ್ಕೆ ಸೋಮವಾರ ನೋಟಿಸು: "ನೋಡಿದ್ರಾ?" ಇಲ್ಲವೆಂದರೆ ಬಡ್ಡಿ ಸೇರಿ ಎರಡು ಚಿತ್ರವಾಗುತ್ತದೆ. ನನ್ನ ಲೆಕ್ಕದಲ್ಲಿ ಸದ್ಯ 17 ಬಾಕಿ.

ಸಾಲಗಾರನ ಸ್ಥಿತಿಗತಿ ವಿಚಾರಿಸಿಯೇ ಕೊಡುತ್ತಾರೆ, ಅಪಾಯವಿರುವುದು ಅಲ್ಲೇ. ಪಿಂಚಣಿ ಫೈಲು ಎಲ್ಲೋ ಸಿಕ್ಕಿಕೊಂಡು ಅಲೆದು ಅಲೆದು ಸುಸ್ತಾಗಿದ್ದ ಜೆ.ಪಿ. ನಗರದವರೊಬ್ಬರು ಬೆಂಚಿನ ಮೇಲೆ ಕೂತು ಗೋಳು ಹೇಳಿಕೊಂಡರು. ರಾಯರ ಕಣ್ಣು ಮಿನುಗಿತು. "ತಬರನ ಕಥೆ ನೋಡಿ! ತೇಜಸ್ವಿ ಕಥೆ, ಕಾಸರವಳ್ಳಿ ಸಿನಿಮಾ, 1986. ಸ್ವರ್ಣಕಮಲ ಬಂದಿದೆ. ಥೇಟ್ ನಿಮ್ಮದೇ ಕಥೆ ಸ್ವಾಮಿ!" ಆತ ಪಾಪ, ಏನೋ ಸಮಾಧಾನ ಸಿಕ್ಕೀತೆಂದು ಹೆಂಡತಿಯನ್ನೂ ಕೂರಿಸಿಕೊಂಡು ನೋಡಿದರು. ಅದರಲ್ಲಿ ಹೊತ್ತಿಗೆ ಪಿಂಚಣಿ ಕೈಸೇರದೆ ತಬರನ ಹೆಂಡತಿ ಸಕ್ಕರೆ ಕಾಯಿಲೆಯಲ್ಲಿ, ಕಾಲಿನ ಗಾಯ ಕೊಳೆತು ಸಾಯುತ್ತಾಳೆ. ಇವರ ಹೆಂಡತಿಗೂ ಸಕ್ಕರೆ ಕಾಯಿಲೆ. ಮೂರು ದಿನ ಆಸಾಮಿ ಪಾರ್ಕಿನ ಕಡೆ ತಲೆ ಹಾಕಲಿಲ್ಲ. ನಾಲ್ಕನೇ ದಿನ ಬಂದರೆ ರಾಯರು ಕೇಳಿದ್ದು ಒಂದೇ ಪ್ರಶ್ನೆ: "ಚಾರುಹಾಸನ್ ಹ್ಯಾಗ್ ಮಾಡಿದ್ದಾರೆ?"

ಸಸ್ಪೆನ್ಸ್ ಚಿತ್ರವಾದರೆ ರಾಯರು ಮಹಾ ನಿಯತ್ತಿನವರು. "ಕಾಶೀನಾಥ್ ಅಪರಿಚಿತ, 1978. ಕೊಲೆಗಾರ ಯಾರು ಅಂತ ಸತ್ತರೂ ಹೇಳಲ್ಲ. ನೀವು ಮಾತ್ರ ಮೊದಲಿಂದಲೂ ಆ ಒಬ್ಬನ ಮೇಲೆ ಕಣ್ಣಿಡಿ" ಎಂದು ಹೆಸರು ಹೇಳಿ ಹೋಗುತ್ತಾರೆ.

ಇಷ್ಟೆಲ್ಲ ಕೊಡುವವರು ತಾವು ಯಾರಿಂದಲೂ ಕೈಸಾಲ ಪಡೆಯುವುದಿಲ್ಲ. ಬಿಟಿಎಂ ಲೇಔಟಿನ ಐಟಿ ಹುಡುಗನೊಬ್ಬ "ಅಂಕಲ್, ಲೂಸಿಯಾ ನೋಡಿ, ಜನರೇ ದುಡ್ಡು ಹಾಕಿ ಮಾಡಿಸಿದ್ದು" ಎಂದಾಗ ಅವರು ಅಂದದ್ದು, "ನೋಡೋಣ". ಲೂಸಿಯಾ ಬಂದದ್ದು 2013ರಲ್ಲಿ. ಕನ್ನಡದಲ್ಲಿ "ನೋಡೋಣ" ಅಂದರೆ ಏನರ್ಥ ಅಂತ ಹೆಣ್ಣು ಕೊಡಲು ಹೋದವರನ್ನು ಕೇಳಬೇಕು.

ಕಳೆದ ತಿಂಗಳು ನಾನೇ ಸಿಕ್ಕಿಬಿದ್ದೆ. "ಘಟಶ್ರಾದ್ಧ ನೋಡಿದ್ರಾ?" ಐದನೇ ನೋಟಿಸು. ಕಾಫಿಗೆ ಹೊತ್ತಾಗಿತ್ತು. ಅನಂತಮೂರ್ತಿಯವರ ಕಥೆಯನ್ನು ಕಾಲೇಜಿನಲ್ಲಿ ಓದಿದ್ದ ಧೈರ್ಯದ ಮೇಲೆ "ಓಹೋ, ನೋಡಿದೆ ಸಾರ್" ಅಂದುಬಿಟ್ಟೆ. ಅಲ್ಲಿಗೆ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದೆ. "ಮಲೆನಾಡಿನ ಆ ಹಸಿರನ್ನ ಏನ್ ಹಿಡಿದಿದ್ದಾರೆ ಸಾರ್!"

ರಾಯರು ನಿಂತರು. ಮಂಕಿ ಕ್ಯಾಪನ್ನು ಕಿವಿಯಿಂದ ಮೇಲೆ ಸರಿಸಿದರು.

"ಏನು?"

"ಹಸಿರು ಸಾರ್. ಕಾಡು..."

"ಕಪ್ಪು ಬಿಳುಪು ಕಣಯ್ಯಾ ಅದು!"

ಮೇಲೆ ಮೆಟ್ರೋ ಹೋಯಿತು. ಅಷ್ಟು ಖಾಲಿ ಮೆಟ್ರೋ ನಾನು ನೋಡಿರಲಿಲ್ಲ, ಬೇಕಾದರೆ ಹತ್ತಿ ಓಡಿಹೋಗಬಹುದಿತ್ತು. ರಾಯರು ಬೈಯಲಿಲ್ಲ. "1977. ಎಸ್. ರಾಮಚಂದ್ರ ಕ್ಯಾಮೆರಾ" ಎಂದಷ್ಟೇ ಹೇಳಿ, ಕೆಟ್ಟ ಸಾಲದ ಖಾತೆಯನ್ನು ಮುಚ್ಚಿದವರ ಹಾಗೆ ಹೊರಟುಹೋದರು. ಸಂಜೆಯೊಳಗೆ ಇಡೀ ಪಾರ್ಕಿಗೆ ನಾನು "ಹಸಿರು" ಆಗಿದ್ದೆ.

ಆ ಶನಿವಾರ ರಾತ್ರಿ ಬಾಗಿಲು ಹಾಕಿಕೊಂಡು ನೋಡಿದೆ. ವೇದಪಾಠಕ್ಕೆಂದು ಬಂದ ಪುಟ್ಟ ನಾಣಿ, ಅವನನ್ನು ತಾಯಿಯಂತೆ ನೋಡಿಕೊಳ್ಳುವ ವಿಧವೆ ಯಮುನಕ್ಕ. ಊರಿನವರೆಲ್ಲ ಸೇರಿ ಅವಳಿಗೆ ಮಾಡುವುದನ್ನು ನಾಣಿಯ ಕಣ್ಣಿನಿಂದ ನೋಡುತ್ತಾ ಮೊಬೈಲು ಎಲ್ಲಿಟ್ಟಿದ್ದೇನೆಂಬುದೂ ಮರೆಯಿತು. ಕೊನೆಯಲ್ಲಿ ಆ ಮರದ ಕೆಳಗೆ... ನೋಡಿ, ಹೇಳಿಯೇಬಿಡುತ್ತಿದ್ದೆ. ರಾಯರ ಗಾಳಿ.

ಸೋಮವಾರ ನಾನೇ ಹುಡುಕಿಕೊಂಡು ಹೋಗಿ, ಈ ಸಲ ನಿಜವಾಗಿ ನೋಡಿದ್ದನ್ನು ಒಪ್ಪಿಸಿದೆ. ಖುಷಿಪಟ್ಟಾರು ಅಂದುಕೊಂಡಿದ್ದೆ. ಅಸಲು ಬಡ್ಡಿ ಸಮೇತ ತೀರಿಸಿ ಎದ್ದು ಹೊರಟ ಗಿರಾಕಿಯನ್ನು ನೋಡಿದ ಹಾಗೆ ಅವರ ಮುಖ ಸಪ್ಪಗಾಯಿತು. ಅರ್ಧ ಸುತ್ತು ಮಾತಿಲ್ಲದೆ ನಡೆದೆವು. ಗೇಟಿನ ಹತ್ತಿರ ಮತ್ತೆ ಕಳೆ ಬಂತು.

"ಅಂದ್ಹಾಗೆ, ವಂಶವೃಕ್ಷ?"

ಘಟಶ್ರಾದ್ಧ ನೋಡಿಲ್ಲದಿದ್ದರೆ ನೀವೂ ನೋಡಿ. ನೋಡುವುದಕ್ಕೆ ಪುರಸೊತ್ತಿಲ್ಲದಿದ್ದರೆ, ಅದು ಕಪ್ಪು ಬಿಳುಪಿನ ಚಿತ್ರ ಅನ್ನುವುದಾದರೂ ನೆನಪಿರಲಿ.