ಹರಿವೆಯ ವಿಲಾಯತಿ ದಾಯಾದಿ

ಇಂಗ್ಲೆಂಡಿನಲ್ಲಿ ಸ್ಯಾಂಫೈರ್ ಬೇಕೆಂದು ತರಕಾರಿ ಸಾಲಿನಲ್ಲಿ ಹುಡುಕಿದರೆ ಎಷ್ಟೋ ಸಲ ಬರಿಗೈಯೇ ಗತಿ. ಅದು ಮೀನಿನ ಕೌಂಟರಿನಲ್ಲಿ ಸಾಲ್ಮನ್ ಮಗ್ಗುಲಲ್ಲಿ ಮಲಗಿರುತ್ತದೆ. ಉಡುಪಿಯಿಂದ ನಾರಿಚ್‌ಗೆ ಬಂದಿದ್ದ ಮಡಿವಂತ ಅತ್ತೆಯವರೆದುರು ಸೊಸೆ ಅದನ್ನು ಚೀಲದಿಂದ ತೆಗೆದಳು. ಪೊಟ್ಟಣ ಭದ್ರವಾಗಿ ಸೀಲಾಗಿತ್ತು. ಮೊಮ್ಮಗನ ಬಾಯಿ ಸೀಲಾಗಿರಲಿಲ್ಲ.

ಎಲೆಯೇ ಕಾಣದ, ಗಂಟುಗಂಟಾದ ಹಸಿರು ಕಡ್ಡಿ. ನಾರ್ಫೋಕ್ ಕರಾವಳಿಯಲ್ಲಿ ಉಬ್ಬರದ ನೀರು ಬಂದುಹೋಗುವ ಕೆಸರಿನಲ್ಲಿ ಬೆಳೆಯುತ್ತದೆ. ಹಿಂದೆ ಇದನ್ನು ಸುಟ್ಟು, ಬೂದಿಯನ್ನು ಗಾಜು ತಯಾರಿಸಲು ಬಳಸುತ್ತಿದ್ದರು. ಮಗ ಈ ವಿಷಯವನ್ನು ಊಟ ಮುಗಿದ ಮೇಲೆ ಹೇಳಬಹುದಿತ್ತು! ಕೊನೆಗೆ ಕೈಹಿಡಿದದ್ದು ಸಸ್ಯಶಾಸ್ತ್ರ: ಹರಿವೆ, ಪಾಲಕ್, ಬೀಟ್‌ರೂಟ್, ಸ್ಯಾಂಫೈರ್ ಎಲ್ಲ ಒಂದೇ ಕುಟುಂಬ.

"ಹರಿವೆಯ ದಾಯಾದಿಯಾ? ಹಾಗಾದ್ರೆ ಇನ್ನೆರಡು ಸಲ ತೊಳಿ."

ನಿಜವಾದ ಬಿಕ್ಕಟ್ಟು ಉಪ್ಪಿನದು. ಸ್ಯಾಂಫೈರ್ ಸಮುದ್ರದ ಉಪ್ಪನ್ನು ಒಡಲಲ್ಲೇ ಇಟ್ಟುಕೊಂಡಿರುತ್ತದೆ. ಮೇಲೆ ಉಪ್ಪು ಹಾಕಿದರೆ ಬಾಯಿಗಿಡಲಾಗದು. ಆದರೆ ನೈವೇದ್ಯದ ಅಡುಗೆಯ ರುಚಿ ನೋಡುವಂತಿಲ್ಲ. "ಉಪ್ಪು ಬೇಡ ಅತ್ತೆ, ಅದರಲ್ಲೇ ಇದೆ" ಎಂಬ ಸೊಸೆಯ ಮಾತೊಂದನ್ನೇ ನಂಬಿ ದೇವರ ಮುಂದೆ ಪಲ್ಯ ಇಡಬೇಕು. ಮದುವೆ ಮಾತುಕತೆಯಲ್ಲೂ ಇವರಿಬ್ಬರ ನಡುವೆ ಇಷ್ಟು ದೊಡ್ಡ ನಂಬಿಕೆಯ ಪ್ರಶ್ನೆ ಎದ್ದಿರಲಿಲ್ಲ. ಎರಡು ನಿಮಿಷ ಕುದಿಸಿ, ಬಸಿದು, ಸಾಸಿವೆ, ಉದ್ದಿನಬೇಳೆ, ಒಣಮೆಣಸಿನ ಒಗ್ಗರಣೆಗೆ ಹಾಕಿ, ಕಾಯಿತುರಿ ಉದುರಿಸಿದ್ದಾಯಿತು. ಉಪ್ಪಿನ ಡಬ್ಬಿಯತ್ತ ಹೊರಟ ಅತ್ತೆಯ ಕೈ ಅರ್ಧದಾರಿಯಲ್ಲಿ ಬೆಲ್ಲದ ಕಡೆ ತಿರುಗಿತು. ಉಡುಪಿ ಅಡುಗೆಯಲ್ಲಿ ಸಂದೇಹಕ್ಕೆಲ್ಲ ಬೆಲ್ಲವೇ ಪರಿಹಾರ.

ಪಲ್ಯ ಗೆದ್ದಿತು. ಬುಡದಲ್ಲಿ ನಾರಿದ್ದ ಕಡ್ಡಿಗಳನ್ನು ಮಾವನವರು ನುಗ್ಗೆಕಾಯಿಯಂತೆ ಹಲ್ಲಿನಲ್ಲಿ ಸೆಳೆದು ಚಪ್ಪರಿಸಿದರು. ನಾರ್ಫೋಕಿನವರೂ ಹಾಗೆಯೇ ತಿನ್ನುತ್ತಾರೆಂದು ತಿಳಿದ ಮೇಲೆ ಅವರ ಸದ್ದು ಇನ್ನಷ್ಟು ಜೋರಾಯಿತು.

ಮುಂದಿನ ಭಾನುವಾರ ಬ್ಲೇಕ್ನಿಯ ಜವುಗು ನೆಲ ನೋಡಲು ಹೋದಾಗ ಅತ್ತೆ ಬಗ್ಗಿಯೇಬಿಟ್ಟರು: "ಒಂದು ಗಿಡ ಬೇರು ಸಮೇತ ಕೀಳು ಮಗಾ, ಕುಂಡದಲ್ಲಿ ನೆಡುವ." ಜಾಗದ ಒಡೆಯರ ಅಪ್ಪಣೆಯಿಲ್ಲದೆ ಕಾಡುಗಿಡವನ್ನು ಬೇರುಸಹಿತ ಕೀಳುವುದು ಇಲ್ಲಿನ 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ ಎಂದು ಮಗ ಗಾಬರಿಯಿಂದ ವಿವರಿಸಿದ. ಅಲ್ಲದೆ ಆಷಾಢ ಏಕಾದಶಿ ಎದುರಿಗೇ ಇತ್ತು. ಅಲ್ಲಿಂದ ಒಂದು ತಿಂಗಳು ಶಾಕವ್ರತ, ತರಕಾರಿ ಮುಟ್ಟುವಂತಿಲ್ಲ. ಇಲ್ಲಿ ಸ್ಯಾಂಫೈರಿನ ಸುಗ್ಗಿಯೂ ಆಗಲೇ. ವ್ರತ ಮುಗಿಯುವಷ್ಟರಲ್ಲಿ ಕಡ್ಡಿ ಬಲಿತು ನಾರಾಗಿರುತ್ತದೆ.

"ಆಗಲಿ ಬಿಡು, ನನಗೇನೂ ಅಡ್ಡಿಯಿಲ್ಲ" ಎಂದರು ಮಾವ.