ಸ್ಟಾರ್ಟ್ ಮೇಷ್ಟ್ರು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಮೂರರಲ್ಲಿ ಯಾವ ಪೇಟೆಬೀದಿ ಹೊಕ್ಕರೂ ಜೆರಾಕ್ಸ್ ಅಂಗಡಿಯೊಂದರಲ್ಲಿ ಇವರು ಸಿಗುತ್ತಾರೆ. ಪಹಣಿ ತೆಗೆದುಕೊಡುವುದು ಕಸುಬು, ತಿಳಿವಳಿಕೆ ಹಂಚುವುದು ಚಟ. ‘ಕನ್ನಡ ಟೈಪ್ ಮಾಡುವುದು ಹೇಗೆ?’ ಎಂಬ ಅವರ ಲ್ಯಾಮಿನೇಷನ್ ಹಾಳೆ ಗಣಪತಿ ಪಟದ ಪಕ್ಕದಲ್ಲೇ ತೂಗುತ್ತದೆ. ಮೊದಲ ಸಾಲು: ‘ಎಡಗಡೆ ಕೆಳಗಿರುವ ಸ್ಟಾರ್ಟ್ ಒತ್ತಿ.’ ಎರಡನೆಯದು: ‘ಸಿ ಡ್ರೈವಿಗೆ ಹೋಗಿ.’ ಮನುಷ್ಯನಿಗೆ ಹೊಟ್ಟೆ ಹೇಗೋ ಕಂಪ್ಯೂಟರಿಗೆ ಸಿ ಡ್ರೈವ್ ಹಾಗೆ ಎಂಬುದು ಅವರ ನಂಬಿಕೆ. 2021ರಲ್ಲಿ ವಿಂಡೋಸ್ 11 ಬಂದು ಸ್ಟಾರ್ಟ್ ನಡುವಿಗೆ ಸರಿದಾಗ ‘ಎಡಗಡೆ’ಯ ಮೇಲೊಂದು ಬಿಳಿ ಚೀಟಿ ಅಂಟಿಸಿದರು. ಅದೊಂದೇ ತಿದ್ದುಪಡಿ.

ತಪ್ಪು ಅವರೊಬ್ಬರದೇ ಅಲ್ಲ. ಕನ್ನಡ ಟೈಪಿಂಗ್ ತಂತ್ರಾಂಶಗಳೇ ಹಾಗೆ: 1998ರ ‘ಬರಹ’ ಬಂದದ್ದೂ ವಿಂಡೋಸಿಗೆ, ಗಣಕ ಪರಿಷತ್ತಿನ ‘ನುಡಿ’ ಬಂದದ್ದೂ ವಿಂಡೋಸಿಗೆ.

ಬೇಸಿಗೆ ರಜೆಗೆ ಕಾಸರಗೋಡಿನಿಂದ ಅಕ್ಕನ ಮಗಳು ಬಂದಳು. ಕನ್ನಡ ಮಾಧ್ಯಮದ ಒಂಬತ್ತನೇ ಕ್ಲಾಸು. ಕೇರಳದ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಪಾಠವೆಲ್ಲ ಲಿನಕ್ಸಿನಲ್ಲೇ; ಅವಳ ಲ್ಯಾಪ್‌ಟಾಪಿನಲ್ಲಿದ್ದದ್ದೂ ಅದೇ.

“ಮಾವ, ಇದರಲ್ಲಿ ಸ್ಟಾರ್ಟ್ ಇಲ್ಲ.”

“ಹಂಗಾದ್ರೆ ಕೆಟ್ಟೋಗಿದೆ ಬಿಡು.”

ಹುಡುಗಿ ಸೆಟ್ಟಿಂಗ್ಸಿಗೆ ಹೋಗಿ, ‘ನುಡಿ’ಯಲ್ಲಿರುವ ಅದೇ ಕೆ.ಪಿ. ರಾವ್ ಕೀಲಿಮಣೆ ಆರಿಸಿ, ‘ಕೆಟ್ಟಿಲ್ಲ ಮಾವ’ ಎಂದು ಟೈಪ್ ಮಾಡಿ ತೋರಿಸಿದಳು. ಮೇಷ್ಟ್ರು ಕನ್ನಡಕ ಒರೆಸಿಕೊಂಡರು.

ಸಂಜೆ ಅವಳು ಯಾವುದೋ ಕೃಷಿ ಕೈಪಿಡಿ ಓದುತ್ತಿದ್ದಳು: “ಕೊಬ್ಬರಿ ಮಾಡುವ ವಿಧಾನ. ಮೊದಲು ಕಾಯಿ ಒಡೆದು ಬಿಸಿಲಿಗೆ ಒಣಗಿಸಿ.”

ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. “ಯಾವನವ್ವ ಬರೆದೋನು? ಮೊದಲೇ ಒಡೆದ್ರೆ ಉಂಡೆ ಎಲ್ಲಿ ಉಳೀತು? ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂರಬೇಕು, ನೀರು ಇಂಗಬೇಕು, ಅಲ್ಲಾಡಿಸಿದ್ರೆ ಒಳಗೆ ಗಡಗಡ ಅನ್ನಬೇಕು. ತಿಪಟೂರು ಅನ್ನೋದೊಂದು ಊರಿದೆ ಅಂತಾನೇ ಗೊತ್ತಿಲ್ವಾ ಅವನಿಗೆ?”

“ನಮ್ಮ ಕಡೆ ಒಡೆದೇ ಒಣಗಿಸುವುದು ಮಾವ. ಬರೆದವರು ಅವರ ಅಂಗಳ ನೋಡಿ ಬರೆದಿದ್ದಾರೆ” ಎಂದ ಹುಡುಗಿ, ಸುಮ್ಮನೆ ಗೋಡೆಯ ಹಾಳೆಯತ್ತ ನೋಡಿದಳು. ಮೇಷ್ಟ್ರೂ ನೋಡಿದರು. ಅವತ್ತು ಅಂಗಡಿ ಬೇಗ ಮುಚ್ಚಿತು.

ಈಗ ಗೋಡೆಯ ಮೇಲೆ ಹೊಸ ಹಾಳೆ. ಮೊದಲ ಸಾಲು: ‘ನಿಮ್ಮದು ವಿಂಡೋಸೋ, ಲಿನಕ್ಸೋ, ಮ್ಯಾಕೋ ನೋಡಿಕೊಳ್ಳಿ.’ ಕೆಳಗೆ ವಿಂಡೋಸಿನವರಿಗೆ ಹನ್ನೆರಡು ಸಾಲು. ಅದರ ಕೆಳಗೆ, ಒಂದೇ ಸಾಲು: ‘ಲಿನಕ್ಸಿನವರು ಬೇಸಿಗೆ ರಜೆಯಲ್ಲಿ ಬನ್ನಿ.’